ಪದಚರ್ಚೆ: ಡೀಸೆಲ್ ಬೌಸರ್‌ನ ‘ರೂಟ್ ಆಪ್ಟಿಮೈಸೇಶನ್’ಗೆ ಏನನ್ನೋಣ? (ತುರ್ತು)

ಭೋಸರಿ, ಪುಣೆಯಿಂದ:

ಎಲ್ಲರಿಗೂ ನಮಸ್ಕಾರ. ಡೀಸೆಲ್ ಬೌಸರ್, ಅಂದರೆ ಸೈಟಿಗೇ ಹೋಗಿ ಯಂತ್ರಗಳಿಗೆ ಡೀಸೆಲ್ ತುಂಬುವ ಟ್ಯಾಂಕರ್, ಓಡಿಸುವವರ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಾಲಕರಲ್ಲಿ ಬಹುಪಾಲು ವಿಜಯಪುರ, ಕಲಬುರಗಿ ಕಡೆಯವರು. ವಾಘೋಲಿಯ ಕಲ್ಲುಕ್ವಾರಿ, ಹಿಂಜವಡಿಯ ಕಟ್ಟಡದ ಸೈಟು, ಚಾಕಣದ ಜನರೇಟರುಗಳು: ಮೊದಲು ಎಲ್ಲಿಗೆ, ಆಮೇಲೆ ಎಲ್ಲಿಗೆ ಎಂದು ಆ್ಯಪೇ ಹೇಳುತ್ತದೆ. ಯಾವ ಯಂತ್ರಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆಂದು ಅಲ್ಲಿ ಹೋಗಿ ಪೈಪ್ ಇಟ್ಟ ಮೇಲೇ ಗೊತ್ತಾಗುವುದು.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ರೂಟ್ ಆಪ್ಟಿಮೈಸೇಶನ್, ಎಂದರೆ ಎಲ್ಲಕ್ಕಿಂತ ಒಳ್ಳೆಯ ದಾರಿ ಹುಡುಕುವುದು. ಎರಡು, ಅನ್‌ಸರ್ಟನ್ ಡಿಮ್ಯಾಂಡ್, ಎಂದರೆ ಎಷ್ಟೆಂದು ಮೊದಲೇ ತಿಳಿಯದ ಬೇಡಿಕೆ. ಮೂರು, ಡೀಸೆಲ್ ಮುಗಿದಾಗ ಡಿಪೊಗೆ ಹೋಗಿ ತುಂಬಿಸಿಕೊಂಡು ಉಳಿದ ಸೈಟುಗಳಿಗೆ ಹೊರಡುವುದಕ್ಕೆ ಒಂದು ಚಿಕ್ಕ ಹೆಸರು. ಸದ್ಯಕ್ಕೆ ‘ಮಾರ್ಗ ಅತ್ಯುತ್ತಮೀಕರಣ’, ‘ಅನಿಶ್ಚಿತ ಇಂಧನ ಬೇಡಿಕೆ’ ಎಂದು ಹಾಕಿದ್ದೇನೆ, ನನಗೇ ನಾಲಿಗೆ ಹೊರಳುತ್ತಿಲ್ಲ. ಸಂಜೆಯೊಳಗೆ ಕೊಡಬೇಕು.

ಮಾಟುಂಗಾ, ಮುಂಬಯಿಯಿಂದ:

‘ಉತ್ತಮ’ದಲ್ಲೇ ‘ತಮ’ ಇದೆ. ಅದಕ್ಕೆ ‘ಅತಿ’ ಏಕೆ? ಮೇಲೆ ‘ಈಕರಣ’ ಬೇರೆ. ಇಂಧನವೂ ಬೇಡ, ಇಂಧ್ ಧಾತು, ಸಮಿತ್ತಿನ ಒಡಹುಟ್ಟು, ಹೋಮಕುಂಡಕ್ಕೆ ಸರಿ. ಕನ್ನಡಕ್ಕೆ ಉರುವಲು ಇದೆ, ದಾರಿ ಇದೆ, ಹೊಂದಿಕೆ ಇದೆ. ‘ಉರುವಲುದಾರಿ ಹೊಂದಿಕೆ’. ಮುಗಿಯಿತು.

ಚಾಕಣದಿಂದ:

ರಾಯರ, ಉರುವಲು ಅಂತ ಬರದ್ರ ನಮ್ಮ ಡ್ರೈವರ್ ಕಟ್ಟಿಗಿ ಹೇರಾಕ ಗಾಡಿ ತರ್ತಾನ. ಇಂಧನ ಅಂತನೂ ಯಾರೂ ಅನ್ನಂಗಿಲ್ಲ. ಡೀಸೆಲ್ ಅಂದ್ರ ಡೀಸೆಲ್. 2018ರಾಗ ಇಂಡಿಯನ್ ಆಯಿಲ್‌ನವ್ರು ಬಾಗಲಿಗೇ ಡೀಸೆಲ್ ತಂದುಕೊಡೋದು ಸುರು ಮಾಡಿದ್ದು ಇದ ಪುಣೆದಾಗ, ಅವಾಗಿಂದ ಬೌಸರ್ ಅನ್ನೋದೂ ಬಾಯಾಗ ಕುಂತದ.

ಮೇಡಂ, ‘ಅನಿಶ್ಚಿತ’ ಅಂದ್ರ ಹೋದ್ರ ಕೆಲಸ ಸಿಗತದೋ ಇಲ್ಲೋ ಅಂದಂಗ ಕೇಳಸ್ತದ. ಬೇಡಿಕೆ ಇರೋದು ಖರೆ, ಎಷ್ಟು ಅನ್ನೋದಷ್ಟ ಗೊತ್ತಿಲ್ಲ. ಹಿಟಾಚಿ ದಿನವೆಲ್ಲ ಕಲ್ಲು ಒಡದ್ರ ಒಂದು ಲೆಕ್ಕ, ಸುಮ್ನ ಚಾಲೂ ನಿಂತ್ರ ಇನ್ನೊಂದು. ಕರೆಂಟ್ ಹೋಗದ ದಿನ ಜನರೇಟರ್ ಹನಿ ಕುಡಿಯಂಗಿಲ್ಲ. ‘ಅಂದಾಜು ಬೇಡಿಕೆ’ ಅಂತ ಹಾಕ್ರಿ. ಮೂರನೇದಕ್ಕ, ಗಾಡಿ ಒಂದು ಸಲ ಹೇರಿಕೊಂಡು ಹೋಗಿ ಬರೋದಕ್ಕ ನಮ್ಮ ಮಂದಿ ‘ಖೇಪು’ ಅಂತಾರ. ಮರುಖೇಪು ಅಂದ್ರ ಎಲ್ಲಾರಿಗೂ ತಿಳೀತದ.

ವಾಸ್ಕೊ, ಗೋವಾದಿಂದ:

ಅಂದಾಜು ಸಾಲದು. ಅಂದಾಜು ಎಂದರೆ ಒಂದೇ ಅಂಕಿ. ಎರಡು ಸೈಟಿಗೂ ಅಂದಾಜು 200 ಲೀಟರ್ ಇರಲಿ. ಒಂದರಲ್ಲಿ ಅದು 190–210ರ ಒಳಗೇ ಇರುತ್ತದೆ, ಇನ್ನೊಂದರಲ್ಲಿ 50ರಿಂದ 350ರವರೆಗೆ ಎಳೆದಾಡುತ್ತದೆ. ಸುತ್ತನ್ನು ಕೆಡಿಸುವುದು ಈ ಎರಡನೆಯದು. 1959ರಲ್ಲಿ ಡಾಂಟ್ಸಿಗ್ ಮತ್ತು ರಾಮ್ಸರ್ ಎಂಬ ಇಬ್ಬರು ಸಂಶೋಧಕರು ಗಾಡಿಗಳ ದಾರಿ ಹೊಂದಿಸುವ ಈ ಲೆಕ್ಕವನ್ನು ಶುರುಮಾಡಿದ್ದೇ ಬಂಕುಗಳಿಗೆ ಪೆಟ್ರೋಲ್ ಹೊತ್ತೊಯ್ಯುವ ಟ್ಯಾಂಕರುಗಳಿಂದ, ಆದರೆ ಅವರ ಲೆಕ್ಕದಲ್ಲಿ ಪ್ರತಿ ಬಂಕಿನ ಬೇಡಿಕೆ ಮೊದಲೇ ಗೊತ್ತು. ನಿಮ್ಮದು ಹಾಗಲ್ಲ. ‘ಏರಿಳಿಯುವ ಬೇಡಿಕೆ’ ಎನ್ನಬಹುದು. ಇನ್ನೂ ಒಳ್ಳೆಯದು, ವಿಶೇಷಣವನ್ನೇ ಬಿಟ್ಟು ‘50–350 ಲೀ.’ ಎಂದು ತೋರಿಸಿ.

ಮರುಖೇಪು ಸರಿ. ಆದರೆ ವಿವರಣೆಯಲ್ಲಿ ‘ಡೀಸೆಲ್ ಮುಗಿದಾಗ’ ಎಂದು ಬರೆಯಬೇಡಿ. ಹತ್ತಿರದಲ್ಲೇ ಹಾದುಹೋಗುವಾಗ, ಟ್ಯಾಂಕಿನಲ್ಲಿ ಇನ್ನೂ ಇದ್ದರೂ ಡಿಪೊಗೆ ಹೊಕ್ಕು ತುಂಬಿಸಿಕೊಳ್ಳುವುದು ಎಷ್ಟೋ ಸಲ ಅಗ್ಗ. ದೂರದ ಸೈಟಿನಲ್ಲಿ ಬರಿದಾಗಿ ಓಡಿಬರುವುದೇ ದುಬಾರಿ. ಒಳ್ಳೆಯ ಆ್ಯಪ್ ಆದರೆ ಎರಡನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ.

ಮಾಟುಂಗಾದಿಂದ:

ಅಂದಾಜು ಪಾರಸಿ. ಖೇಪು ಮರಾಠಿ. ಪುಣೆಯಲ್ಲಿ ಮನೆ ಮಾಡಿದವರೆಲ್ಲ ಹೀಗೆ ಎರವಲು ತಂದು ಸುರಿದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ವಾಸ್ಕೊದಿಂದ:

ಖೇಪ್ ಮರಾಠಿಗೆ ಬಂದದ್ದು ಸಂಸ್ಕೃತದ ಕ್ಷೇಪದಿಂದ. ನೀವು ದಿನಾ ನಡೆಯುವ ರಸ್ತೆಯೂ ಪಾರಸಿಯೇ. ಮರಾಠಿಯವರು ‘ತೂಪ’ ಬಡಿಸುವಾಗ ಅದು ನಮ್ಮ ತುಪ್ಪ, ಅವರೇನೂ ವಾಪಸ್ ಕಳಿಸಲಿಲ್ಲ. ಇನ್ನು ಡೀಸೆಲ್ ಜರ್ಮನಿಯ ರುಡಾಲ್ಫ್ ಡೀಸೆಲ್, ಬೌಸರ್ ಅಮೆರಿಕದಲ್ಲಿ ಪಂಪು ಮಾಡುತ್ತಿದ್ದ ಸಿಲ್ವೇನಸ್ ಬೌಸರ್. ಗಾಡಿಯ ಹೆಸರಲ್ಲೇ ಇಬ್ಬರು ಪರದೇಶಿಗಳು ಕೂತಿದ್ದಾರೆ, ನಿಮಗೆ ಕಂಡದ್ದು ಖೇಪು ಒಂದೇ.

ಮಾಟುಂಗಾದಿಂದ:

ಅಂಕಿತನಾಮಕ್ಕೂ ಎರವಲಿಗೂ ಭೇದ ತಿಳಿಯದವರ ಜತೆ ಚರ್ಚೆ ಇಲ್ಲ.

ಚಾಕಣದಿಂದ:

‘ಬೌಸರ್ ಬಂತು’ ಅಂದಾಗ ಅದು ರೂಢನಾಮರೀ ರಾಯರ. ಬೌಸರ್ ‘ಬಂದ’ ಅಂತ ಯಾರೂ ಅನ್ನಂಗಿಲ್ಲ.

ಭೋಸರಿಯಿಂದ:

ಕಳಿಸಿಬಿಟ್ಟೆ. ‘ಇವತ್ತಿನ ದಾರಿ’, ‘ಬೇಡಿಕೆ: 50–350 ಲೀ.’, ‘ಮರುಖೇಪು’. ಆಪ್ಟಿಮೈಸೇಶನ್ ಎಂಬುದನ್ನು ಚಾಲಕರ ಪರದೆಯಿಂದ ತೆಗೆದೇ ಹಾಕಿದೆ, ಅದು ಕಂಪ್ಯೂಟರ್ ಮಾಡುವ ಕೆಲಸ, ಅವರಿಗೆ ಬೇಕಾದ್ದು ದಾರಿ. ಡಿಪೊ ಮ್ಯಾನೇಜರರ ಕೈಪಿಡಿಗೆ ಮಾತ್ರ ಒಂದು ಪದ ಇನ್ನೂ ಬೇಕು. ಅದಕ್ಕೆ ಸೋಮವಾರದವರೆಗೆ ಸಮಯವಿದೆ.

ಮಾಟುಂಗಾದಿಂದ:

ಮರುಖೇಪು ಅರಿಸಮಾಸ, ಕನ್ನಡ ಪದಕ್ಕೆ ಪರಭಾಷೆಯ ಪದ ಕೂಡಿಸಿದ ತಪ್ಪು.

ವಾಸ್ಕೊದಿಂದ:

ಕ್ಷೇಪದ ತದ್ಭವ ಎಂದ ಮೇಲೆ ಅರಿಸಮಾಸ ಎಲ್ಲಿಂದ ಬಂತು? ಕನ್ನಡ ಪದದ ಜತೆ ತದ್ಭವ ಕೂಡಬಹುದು.

ಮಾಟುಂಗಾದಿಂದ:

ಅದು ಮರಾಠಿಯ ತದ್ಭವ. ಕನ್ನಡದ್ದಲ್ಲ.