ಅಂಟುವಾಳದ ನೀರು ಹುಳಿಯದ ಹಾಗೆ ಇಡುವುದು ಹೇಗೆ?

ಹಿತ್ತಲಮನೆ (ಶಿರಸಿ):
ನಮ್ಮಲ್ಲಿ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಎಲ್ಲ ಸೀದಾ ಬಾಳೆ ಬುಡಕ್ಕೆ. ಹಾಗಾಗಿ ಪೇಟೆಯ ಲಿಕ್ವಿಡ್ ಬಿಟ್ಟು ಅಂಟುವಾಳ ಕುದಿಸಿ ಬಳಸ್ತಾ ಇದ್ದೇನೆ. ಆದರೆ ಬಾಟಲಿಯಲ್ಲಿಟ್ಟರೆ ಬೇಗ ಹುಳಿತು ನಾರುತ್ತದೆ, ದೋಸೆ ಕಾವಲಿಯ ಜಿಡ್ಡೂ ಬಿಡುವುದಿಲ್ಲ. ಕೊಬ್ಬರಿ ಎಣ್ಣೆಯಿಂದ ಏನಾದರೂ ಮಾಡಬಹುದಾ? ಅಂಗಡಿಯ ‘ಸಸ್ಯಜನ್ಯ’ ಲಿಕ್ವಿಡ್ ನಂಬಬಹುದಾ?

ಕುಮಟೆಯವಳು:
ಕುದಿಸಿ ಇಡೋದೇ ಬೇಡ ಅಕ್ಕಾ. ಬೀಜ ತೆಗೆದು ಸಿಪ್ಪೆ ಒಣಗಿಸಿಡಿ, ಬೇಕಾದಷ್ಟೇ ರಾತ್ರಿ ನೆನೆಹಾಕಿ. ಕಾವಲಿಗೆ ಬೂದಿಯೇ ಸೈ.

ನಿವೃತ್ತ ಮಾಸ್ತರ (ಕಾರವಾರ):
ಸಿಪ್ಪೆಯಿಂದ ನೊರೆ ಕೊಡುವ ಸಪೋನಿನ್ ಜೊತೆ ಸಕ್ಕರೆಯೂ ಇಳಿಯುತ್ತದೆ, ಹುಳಿಯುವುದು ಅದರಿಂದ. ಇಡಲೇಬೇಕಾದರೆ ಲಿಂಬೆ ಹುಳಿ ಹಿಂಡಿ ಪಿಎಚ್ (ಹುಳಿಯ ಅಳತೆ) 4ರ ಹತ್ತಿರ ತಂದು, ಕೆಡದ ಹಾಗೆ ಕಾಯುವ ಸೋಡಿಯಂ ಬೆಂಜೋಯೇಟ್ ಲೀಟರಿಗೆ 1 ಗ್ರಾಂ ಹಾಕಿ. ಹುಳಿ ಇಲ್ಲದ ನೀರಲ್ಲಿ ಬೆಂಜೋಯೇಟ್ ದಂಡ.

ಜಿಡ್ಡಿಗೆ ಕೊಬ್ಬರಿ ಎಣ್ಣೆಯ ಸೋಪೇ ಬೇಕು. ನಮ್ಮ ಕಡೆಯ ಉಪ್ಪು ಬಾವಿ ನೀರಲ್ಲೂ ಅದು ನೊರೆ ಕೊಡುತ್ತದೆ; ಹಡಗಿನವರು ಸಮುದ್ರದ ನೀರಿಗೆ ಬಳಸುತ್ತಿದ್ದದ್ದೂ ಅದನ್ನೇ. ಎಣ್ಣೆಯನ್ನು ಸೋಪು ಮಾಡುವ ಕ್ಷಾರಕ್ಕೆ ನೀವು ಮಾತ್ರ ಕಾಸ್ಟಿಕ್ ಸೋಡಾ ಬಿಟ್ಟು ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ತಗೊಳ್ಳಿ. ಸೋಡಿಯಂ ಮಣ್ಣು ಕೆಡಿಸುತ್ತದೆ, ಪೊಟ್ಯಾಶ್ ಬಾಳೆಗೆ ಹೇಗೂ ಬೇಕು. 100 ಗ್ರಾಂ ಎಣ್ಣೆಗೆ 25 ಗ್ರಾಂ ಶುದ್ಧ ಪೊಟ್ಯಾಶ್. ಪೊಟ್ಯಾಶನ್ನು ನೀರಿಗೆ ಹಾಕಬೇಕು, ನೀರನ್ನು ಪೊಟ್ಯಾಶಿಗೆ ಹೊಯ್ಯಬಾರದು. ಕೈಗವಸು, ಕನ್ನಡಕ ಬೇಕೇ ಬೇಕು. ಅಲ್ಯುಮಿನಿಯಂ ಪಾತ್ರೆ ಖಂಡಿತ ಬೇಡ.

ಇನ್ನು ‘ಸಸ್ಯಜನ್ಯ’. ಆ ಬಾಟಲಿಗಳಲ್ಲಿ ಕೊಳೆ ತೆಗೆಯುವ ಡೆಸಿಲ್ ಗ್ಲುಕೋಸೈಡ್ ಇರಬಹುದು: ತೆಂಗು ಅಥವಾ ತಾಳೆ ಬೀಜದ ಎಣ್ಣೆಯ ಕೊಬ್ಬಿನ ಆಲ್ಕೋಹಾಲಿಗೆ ಮೆಕ್ಕೆಜೋಳದ ಗ್ಲುಕೋಸ್ ಕೂಡಿಸಿದ್ದು. ಒಳ್ಳೆಯ ಮಾಲೇ, ಆದರೆ ಮಾಡಲು ಆಮ್ಲ, ಕಾವು, ನಿರ್ವಾತ ಎಲ್ಲ ಬೇಕು, ಮನೆ ಒಲೆಯ ಕೆಲಸ ಅಲ್ಲ. ಜನ ಬೈಯುವ ನೊರೆ ರಾಸಾಯನಿಕ ಸೋಡಿಯಂ ಲಾರಿಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದ ಮಾಡುತ್ತಾರೆ, ಅದೂ ಬೇಗ ಕೊಳೆಯುತ್ತದೆ. 1950ರ ದಶಕದಲ್ಲಿ ಹೊರದೇಶದ ನದಿಗಳಲ್ಲಿ ನೊರೆ ಎಬ್ಬಿಸಿದ ಡಿಟರ್ಜೆಂಟಿನ ಅಣುವಿನ ಸರಪಳಿಗೆ ಕವಲುಗಳಿದ್ದವು, ಬ್ಯಾಕ್ಟೀರಿಯಾಕ್ಕೆ ಅವನ್ನು ಮುರಿಯಲು ಆಗಲಿಲ್ಲ. ಕವಲಿಲ್ಲದ್ದು ತಂದ ಮೇಲೆ ನೊರೆ ಇಳಿಯಿತು. ಅದೂ ಪೆಟ್ರೋಲಿಯಂದೇ! ಎಲ್ಲಿಂದ ಬಂತು ಎನ್ನುವುದು ಬೇರೆ, ಕೊಳೆಯುತ್ತದೋ ಎನ್ನುವುದು ಬೇರೆ ಮಾರಾಯ್ರೆ.

ಕುಮಟೆಯವಳು:
ಹಾಗಾದ್ರೆ ಅಂಟುವಾಳದ ನೀರು ಕೆರೆಗೆ ಹೋದ್ರೂ ತೊಂದರೆ ಇಲ್ವಾ ಸರ್?

ನಿವೃತ್ತ ಮಾಸ್ತರ (ಕಾರವಾರ):
ಇದೆ. ಸಪೋನಿನ್ ಮೀನಿನ ಕಿವಿರಿಗೆ ವಿಷ. ಹಳ್ಳದಲ್ಲಿ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುತ್ತಿದ್ದದ್ದು ಅದರಲ್ಲೂ ಸಪೋನಿನ್ ಇರುವುದರಿಂದಲೇ. ಮಣ್ಣಿಗೆ ಬಿಡಿ, ಕೆರೆಗೆ ಬೇಡ.

ಹಿತ್ತಲಮನೆ (ಶಿರಸಿ):
ಪೇಟೆಯಲ್ಲಿ ಕಾಸ್ಟಿಕ್ ಪೊಟ್ಯಾಶ್ ವಿಚಾರಿಸಿದೆ. ಪೊಟ್ಟಣದ ಮೇಲೆ ಶೇ. 85 ಅಂತಿದೆ. ಆಗಲೂ 25 ಗ್ರಾಂ ಅಷ್ಟೇ ಹಾಕೋದಾ?

ನಿವೃತ್ತ ಮಾಸ್ತರ (ಕಾರವಾರ):
25ನ್ನು 0.85ರಿಂದ ಭಾಗಿಸಿ, ಸುಮಾರು 29 ಗ್ರಾಂ. ಅಡುಗೆಮನೆ ಚಮಚ ಬೇಡ, ತಕ್ಕಡಿಯಲ್ಲೇ ತೂಗಿ.