ಹಿಂದಿನ ಸೀಟಿನಿಂದ ಗುಂಯ್ ಸದ್ದು, ಮೈಲೇಜ್ ಬಿದ್ದಿದೆ, ಹೈಬ್ರಿಡ್ ಬ್ಯಾಟರಿ ಬದಲಿಸಿ ಅಂತಾರೆ

ಸಂಡೂರು_ಸವಾರ:
ತಲೆ ಕೆಟ್ಟು ಹೋಗಿದೆ. ಲೀಟರಿಗೆ 22 ಕೊಡುತ್ತಿದ್ದ ಗಾಡಿ 15ಕ್ಕೆ ಬಂದು ನಿಂತಿದೆ. ಸಿಗ್ನಲ್‌ನಲ್ಲೂ ಎಂಜಿನ್ ಆಫ್ ಆಗುವುದಿಲ್ಲ. ಮಧ್ಯಾಹ್ನ ಹೊರಟರೆ ಸ್ವಲ್ಪ ಹೊತ್ತಿಗೇ ಹಿಂದಿನ ಸೀಟಿನ ಹತ್ತಿರ ಗುಂಯ್ ಅಂತ ಜೋರು ಸದ್ದು. ಈಗ ವಾರ್ನಿಂಗ್ ದೀಪವೂ ಹತ್ತಿದೆ. ಸರ್ವಿಸ್‌ನವರು ಸ್ಕ್ಯಾನರ್ ಹಾಕಿ ನೋಡಿ, ದೊಡ್ಡ ಬ್ಯಾಟರಿ ಪೂರ್ತಿ ಬದಲಿಸಬೇಕು ಅಂದರು. ಲಕ್ಷಗಟ್ಟಲೆ ಖರ್ಚು! ಪೆಟ್ರೋಲ್ ಉಳಿಯಲಿ ಅಂತ ತಾನೆ ಎಂಜಿನ್ ಜೊತೆ ಕರೆಂಟ್ ಮೋಟರ್ ಇರುವ ಹೈಬ್ರಿಡ್ ತಗೊಂಡಿದ್ದು? ಸೋಮವಾರ ಒಪ್ಪಿಗೆ ಹೇಳಬೇಕು. ಬೇಗ ಯಾರಾದರೂ ಹೇಳಿ.

ವೋಲ್ಟ್_ಮಾಮ:
ದೊಡ್ಡದಲ್ಲ, ಚಿಕ್ಕ 12 ವೋಲ್ಟ್ ಬ್ಯಾಟರಿ ನೋಡಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಮೀಟರ್ ಇಟ್ಟರೆ 12.6 ಹತ್ತಿರ ಇರಬೇಕು. 12ಕ್ಕಿಂತ ಕಡಿಮೆ ಇದ್ದರೆ ಅದನ್ನು ಬದಲಿಸಿ, ಎಲ್ಲ ಸರಿ ಹೋಗುತ್ತದೆ.

ಹುಬ್ಳಿ_ಹೈಬ್ರಿಡ್:
ಯಾವ ಗಾಡಿ, ಯಾವ ವರ್ಷದ್ದು, ಎಷ್ಟು ಓಡಿದೆ? ಮೋಟರ್ ಮೇಲೆಯೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ಡೋ, ಎಂಜಿನ್‌ಗೆ ಬರೀ ಸಹಾಯ ಮಾಡುವ ಮೈಲ್ಡೋ? ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಏನು ಬಂತು? ನಮ್ಮ ಟೊಯೋಟಾ ಇನ್ನೋವಾ ಹೈಕ್ರಾಸ್‌ಗೆ ಹೈಬ್ರಿಡ್ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ನಿಮ್ಮದು ವಾರಂಟಿಯಲ್ಲಿದ್ದರೆ ದುಡ್ಡಿನ ಮಾತೇ ಬರುವುದಿಲ್ಲ.

ಸಂಡೂರು_ಸವಾರ:
ಸ್ಟ್ರಾಂಗೇ. ಕೋಡ್ ಪಿ0ಎ80 ಅಂತ ಬಿಲ್ ಮೇಲೆ ಬರೆದಿದ್ದಾರೆ, ಹೈಬ್ರಿಡ್ ಬ್ಯಾಟರಿ ಬದಲಿಸಿ ಅಂತ ಅದರ ಅರ್ಥವಂತೆ. 12 ವೋಲ್ಟ್ ಬ್ಯಾಟರಿ ಈಗ ತಾನೆ ಹಾಕಿಸಿದ್ದು.

ವೋಲ್ಟ್_ಮಾಮ:
ಹೊಸದಾದರೂ ಟರ್ಮಿನಲ್ ಲೂಸ್ ಇರಬಹುದು. ನಮ್ಮ ಬಾವನ ಗಾಡಿಗೂ ಹೀಗೇ ಆಗಿತ್ತು.

ಮಂಗ್ಳೂರು_ಮೀಟರ್:
ಮಾಮ, 12 ವೋಲ್ಟ್ ವೀಕ್ ಆದರೆ ಗಾಡಿಯಲ್ಲಿ ‘ರೆಡಿ’ ದೀಪವೇ ಬರುವುದಿಲ್ಲ, ಹೊರಡುವುದೇ ಇಲ್ಲ. ಇವರದು ಓಡುತ್ತಿದೆ. ಆ ಸದ್ದು ಬ್ಯಾಟರಿ ತಣ್ಣಗಿಡುವ ಫ್ಯಾನಿನದು. ಕ್ಯಾಬಿನ್ನಿನ ತಣ್ಣನೆ ಗಾಳಿ ಎಳೆದು ಬ್ಯಾಟರಿ ಮೇಲೆ ಬಿಡುತ್ತದೆ. ಗಾಳಿ ಸಿಗದಿದ್ದರೆ ಬ್ಯಾಟರಿ ಬಿಸಿ, ಫ್ಯಾನ್ ಜೋರು. ಕಂಪ್ಯೂಟರ್ ಬ್ಯಾಟರಿಯನ್ನು ಕಾಪಾಡಲು ಚಾರ್ಜ್ ತಗೊಳ್ಳುವುದನ್ನೂ ಕೊಡುವುದನ್ನೂ ಕಡಿಮೆ ಮಾಡುತ್ತದೆ. ಆಗ ಎಂಜಿನ್ ಓಡಲೇಬೇಕು, ಮೈಲೇಜ್ ಬೀಳಲೇಬೇಕು. ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಜಾಲರಿ ಇರುತ್ತದೆ. ಅದರ ಮುಂದೆ ಏನಿದೆ ನೋಡಿ.

ಸಂಡೂರು_ಸವಾರ:
ಸೀಟ್ ಕವರ್ ಇದೆ. ನಾಯಿ ಕೂರುತ್ತದಲ್ಲ, ಅದಕ್ಕೆ ಮೇಲೆ ದಪ್ಪ ಶೀಟೂ ಇದೆ. ದಿನಾ ಅದಿರು ಲಾರಿಗಳ ಹಿಂದೆಯೇ ಓಡಾಟ.

ಮಂಗ್ಳೂರು_ಮೀಟರ್:
ನಾಯಿ ಕೂದಲು, ಕೆಂಪು ಧೂಳು, ಮೇಲೆ ಶೀಟ್! ಗಾಳಿ ಎಲ್ಲಿಂದ ಬರಬೇಕು ಪಾಪ? ಗಾಡಿ ಆಫ್ ಮಾಡಿ, ಜಾಲರಿ ಕಳಚಿ, ವ್ಯಾಕ್ಯೂಮ್‌ನಿಂದ ಎಳೆಯಿರಿ. ಒಳಮುಖ ಊದಬೇಡಿ, ಕಸ ಬ್ಯಾಟರಿ ಕಡೆಗೇ ಹೋಗುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಬೇಡಿ, ಅದು ಹೈ ವೋಲ್ಟೇಜ್.

ಇಳಿಜಾರು_ಪ್ರಿಯ:
ಘಾಟ್‌ನಲ್ಲಿ ಗೇರ್ ಲಿವರಿನ ಬಿ ಮೋಡ್, ಅಂದರೆ ಎಂಜಿನ್ ಬ್ರೇಕಿಂಗ್, ಹಾಕುತ್ತೀರಾ? ಬ್ಯಾಟರಿ ಹಾಳಾಗುವುದು ಅದರಿಂದಲೇ.

ಹುಬ್ಳಿ_ಹೈಬ್ರಿಡ್:
ತಪ್ಪು ಹೇಳಬೇಡಿ. ಉದ್ದ ಇಳಿಜಾರಿಗೆ ಅಂತಲೇ ಬಿ ಕೊಟ್ಟಿರುವುದು. ನಾನು ಅರಬೈಲ್ ಘಾಟ್ ಇಳಿಯುವಾಗ ಪ್ರತಿ ಸಲ ಹಾಕುತ್ತೇನೆ, ಬ್ರೇಕ್ ಪ್ಯಾಡ್ ಇನ್ನೂ ಕಂಪನಿಯದ್ದೇ. ನಮ್ಮಂಥ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಆಲ್ಟರ್ನೇಟರ್ ಇಲ್ಲ, ಬೇರೆ ಸ್ಟಾರ್ಟರ್ ಇಲ್ಲ. ಎಷ್ಟು ಖರ್ಚು ಉಳಿಯಿತು ಅದನ್ನೂ ಲೆಕ್ಕ ಹಾಕಿ!

ಇಳಿಜಾರು_ಪ್ರಿಯ:
ಪೆಟ್ರೋಲ್ ಗಾಡಿಗೆ ಲಕ್ಷಗಟ್ಟಲೆಯ ಬ್ಯಾಟರಿಯೂ ಇಲ್ಲ ಅಲ್ವಾ?

ಸಂಡೂರು_ಸವಾರ:
ಜಾಲರಿ ಕಳಚಿದೆ. ಹಿಂದಿನ ಬಲೆ ಕಾಣಿಸುತ್ತಲೇ ಇರಲಿಲ್ಲ. ಬೂದು ಕೂದಲು, ಕೆಂಪು ಧೂಳು ಸೇರಿ ಕಂಬಳಿ ಹಾಗೆ ಒಂದೇ ಪದರ ಆಗಿತ್ತು, ಬೆರಳಲ್ಲಿ ಎತ್ತಿದರೆ ಇಡೀ ತುಂಡಾಗಿ ಬಂತು. ಶೀಟನ್ನೂ ತೆಗೆದೆ. ಇವತ್ತು ಬಿಸಿಲಲ್ಲಿ ಹೊಸಪೇಟೆಗೆ ಹೋದೆ, ಸದ್ದು ತುಂಬ ಕಡಿಮೆ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಯಿತು! ಆದರೆ ದೀಪ ಹಾಗೇ ಇದೆ.

ಮಂಗ್ಳೂರು_ಮೀಟರ್:
ದೀಪ ತಾನಾಗಿ ಹೋಗದಿರಬಹುದು. ಕೋಡ್ ಅಳಿಸುವ ಮೊದಲು ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ಚಿಕ್ಕ ಸಾಧನ) ಹಾಕಿ ಎಲ್ಲ ಬ್ಲಾಕ್‌ಗಳ, ಅಂದರೆ ದೊಡ್ಡ ಬ್ಯಾಟರಿಯೊಳಗಿನ ಸೆಲ್ ಗುಂಪುಗಳ ವೋಲ್ಟೇಜ್, ಟೆಂಪರೇಚರ್ ಬರೆದಿಟ್ಟುಕೊಳ್ಳಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಂದೇ ಬ್ಲಾಕ್ ಬಹಳ ಕೆಳಗೆ ಬಿದ್ದರೆ ಅದು ನಿಜವಾಗಿ ಸೋತಿದೆ. ಎಲ್ಲ ಒಟ್ಟಿಗೆ ಇಳಿದು ಒಟ್ಟಿಗೆ ಏರಿದರೆ ಪೂರ್ತಿ ಪ್ಯಾಕ್‌ಗೆ ದುಡ್ಡು ಸುರಿಯಬೇಡಿ. ಸೋಮವಾರ ಸಹಿ ಹಾಕಲೇಬೇಡಿ. ಮತ್ತೆ, ವರ್ಷ ಯಾವುದು ಅಂತ ಇನ್ನೂ ಹೇಳಲಿಲ್ಲ.

ವೋಲ್ಟ್_ಮಾಮ:
ಟರ್ಮಿನಲ್ ಬಿಗಿ ಮಾಡಿದಿರಾ?

ಬೆಂದಕಾಳೂರು_ಗ್ರೀನ್:
ನಾನು ಚಾವಣಿ ಮೇಲೆ ಸೋಲಾರ್ ಹಾಕಿಸಿ ಪೂರ್ತಿ ಎಲೆಕ್ಟ್ರಿಕ್‌ಗೆ ಬಂದೆ. ಎಣ್ಣೆ ಬದಲಿಸುವ ಕೆಲಸವೂ ಇಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಹುಬ್ಳಿ_ಹೈಬ್ರಿಡ್:
ಹಾಕಿ, ಎಷ್ಟು ಕಿಲೋವ್ಯಾಟ್?