ದೂರಸಂಪರ್ಕ ಕಂಪನಿಗಳ ಮೇಲೆ ಅಮೆರಿಕದ ನಗರಗಳಿಗಿರುವ ಹಿಡಿತ ಎಷ್ಟು?

ಪ್ರಶ್ನೆ – ಆಡಳಿತಾಸಕ್ತ

ನಮಸ್ಕಾರ. ಸಾರ್ವಜನಿಕ ಆಡಳಿತದ ವಿದ್ಯಾರ್ಥಿಯಾಗಿ ಅಮೆರಿಕದ ಸ್ಥಳೀಯ ಸರ್ಕಾರಗಳ ಕುರಿತು ಓದುತ್ತಿದ್ದೇನೆ. ಅಲ್ಲಿ ನಗರದ ಬೀದಿ, ಪಾದಚಾರಿ ಮಾರ್ಗ ಮತ್ತು ಅವುಗಳ ಅಡಿಯ ನೆಲ ಬಹುಪಾಲು ನಗರಾಡಳಿತದ ಸುಪರ್ದಿಯಲ್ಲಿದ್ದರೂ, ಫೈಬರ್ ಕೇಬಲ್ ಹೂಳಲು ಅಥವಾ ಬೀದಿದೀಪದ ಕಂಬಕ್ಕೆ ಮೊಬೈಲ್ ಆಂಟೆನಾ ಅಳವಡಿಸಲು ಬರುವ ಕಂಪನಿಯನ್ನು ನಗರವು ತಡೆಯುವಂತಿಲ್ಲ, ಮನಬಂದಷ್ಟು ಶುಲ್ಕ ಕೇಳುವಂತೆಯೂ ಇಲ್ಲ ಎಂದು ಒಂದೆಡೆ ಓದಿದೆ. ಅದೇ ನಗರಗಳು ಕೇಬಲ್ ಟಿವಿ ಕಂಪನಿಗಳಿಂದ ಆದಾಯದ ಪಾಲನ್ನೇ ಪಡೆಯುತ್ತವೆ ಎಂದು ಇನ್ನೊಂದೆಡೆ ಇದೆ. ಇವೆರಡೂ ಹೇಗೆ ಒಟ್ಟಿಗೆ ನಿಲ್ಲುತ್ತವೆ? ನಗರದ ಕೈಯಲ್ಲಿ ನಿಜವಾಗಿ ಉಳಿದಿರುವ ಅಧಿಕಾರವಾದರೂ ಯಾವುದು?

ಉತ್ತರ – ಕಾನೂನು ಓದುಗ

ನೀವು ಓದಿದ ಎರಡೂ ಮಾತು ಸರಿಯೇ, ಏಕೆಂದರೆ ಅವು ಎರಡು ಬೇರೆ ಬೇರೆ ಕಾನೂನುಗಳಿಂದ ಬಂದವು. ಕೇಬಲ್ ಟಿವಿಗೆ ಸಂಬಂಧಿಸಿದ 1984ರ ಕಾಯ್ದೆಯು, ಕೇಬಲ್ ಸೇವೆಯಿಂದ ಬರುವ ಒಟ್ಟು ಆದಾಯದ ಶೇ. 5ರವರೆಗೆ ಫ್ರಾಂಚೈಸ್ ಶುಲ್ಕ, ಅಂದರೆ ಊರಿನಲ್ಲಿ ಸೇವೆ ನಡೆಸುವ ಅನುಮತಿಗೆ ಪ್ರತಿಯಾದ ಶುಲ್ಕ, ವಿಧಿಸಲು ನಗರಕ್ಕೆ ಅವಕಾಶ ಕೊಟ್ಟಿದೆ. ದೂರಸಂಪರ್ಕಕ್ಕೆ ಅನ್ವಯಿಸುವುದು 1996ರ ದೂರಸಂಪರ್ಕ ಕಾಯ್ದೆ. ಅದರ 253ನೇ ಸೆಕ್ಷನ್ ಮೊದಲಿಗೆ, ಯಾವುದೇ ಸ್ಥಳೀಯ ನಿಯಮವು ದೂರಸಂಪರ್ಕ ಸೇವೆಯನ್ನು ನಿಷೇಧಿಸಬಾರದು, ನಿಷೇಧದ ಪರಿಣಾಮವನ್ನೂ ಉಂಟುಮಾಡಬಾರದು ಎನ್ನುತ್ತದೆ; ನಂತರ ಅದೇ ಸೆಕ್ಷನ್, ಸಾರ್ವಜನಿಕ ರಸ್ತೆ ಜಾಗವನ್ನು ನಿರ್ವಹಿಸುವ ಮತ್ತು ತಾರತಮ್ಯವಿಲ್ಲದೆ 'ನ್ಯಾಯೋಚಿತ ಹಾಗೂ ಸಮಂಜಸ' ಪರಿಹಾರವನ್ನು ಬಹಿರಂಗವಾಗಿ ನಿಗದಿಪಡಿಸಿ ಪಡೆಯುವ ಅಧಿಕಾರವನ್ನು ನಗರಕ್ಕೆ ಉಳಿಸಿಕೊಡುತ್ತದೆ. ಸಮಂಜಸವೆಂದರೆ ಎಷ್ಟು ಎಂಬುದನ್ನು ಮಾತ್ರ ಸಂಸತ್ತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬಿಟ್ಟಿತು, ಮುಂದಿನ ಎರಡು ದಶಕಗಳ ವ್ಯಾಜ್ಯಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟಿದವು.

ಡಿಯರ್‌ಬಾರ್ನ್ ನಗರವು ದೂರಸಂಪರ್ಕ ಕಂಪನಿಗೆ ವಿಧಿಸಿದ್ದ ಆದಾಯದ ಶೇ. 4ರ ಶುಲ್ಕವನ್ನು 2000ದಲ್ಲಿ ಆರನೇ ಸರ್ಕಿಟ್‌ನ (ಸರ್ಕಿಟ್ ಎಂದರೆ ಅಮೆರಿಕದ ಕೇಂದ್ರ ಮೇಲ್ಮನವಿ ನ್ಯಾಯಾಲಯದ ಪ್ರಾದೇಶಿಕ ವಲಯ) ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ವೈಟ್ ಪ್ಲೇನ್ಸ್ ನಗರವು ಹೊಸ ಕಂಪನಿಗೆ ಶೇ. 5 ಹೇಳಿ, ಮೊದಲಿನಿಂದ ಬೇರೂರಿದ್ದ ಕಂಪನಿಯನ್ನು ಬಿಟ್ಟುಬಿಟ್ಟಿದ್ದನ್ನು 2002ರಲ್ಲಿ ಎರಡನೇ ಸರ್ಕಿಟ್ ಒಪ್ಪಲಿಲ್ಲ. ಕೊನೆಗೆ 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪರ್ಕ ಆಯೋಗವಾದ ಎಫ್‌ಸಿಸಿ, ಸಣ್ಣ ಮೊಬೈಲ್ ಆಂಟೆನಾಗಳ ಮಟ್ಟಿಗೆ, ಶುಲ್ಕವು ನಗರಕ್ಕೆ ತಗಲುವ ವೆಚ್ಚವನ್ನು ಸುಮಾರಾಗಿ ಹೋಲಬೇಕು ಎಂದು ಆದೇಶಿಸಿತು. ಒಂದು ಆಂಟೆನಾ ತಾಣಕ್ಕೆ ವರ್ಷಕ್ಕೆ 270 ಡಾಲರ್‌ವರೆಗಿನ ಶುಲ್ಕ ಸಮಂಜಸವೆಂದು ಭಾವಿಸಲಾಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ನಗರವೇ ವೆಚ್ಚದ ಲೆಕ್ಕ ತೋರಿಸಬೇಕು. ಒಂಬತ್ತನೇ ಸರ್ಕಿಟ್ 2020ರಲ್ಲಿ ಶುಲ್ಕದ ಭಾಗವನ್ನು ಮಾನ್ಯ ಮಾಡಿತು, ನಗರಗಳ ಅಂದಚೆಂದದ ನಿಯಮಗಳ ಮೇಲೆ ಎಫ್‌ಸಿಸಿ ಹೇರಿದ್ದ ಕೆಲವು ನಿರ್ಬಂಧಗಳನ್ನು ತೆಗೆದುಹಾಕಿತು.

ಇತಿಹಾಸದ ಒಂದು ತುಣುಕನ್ನು ಇಲ್ಲಿ ಸೇರಿಸದಿರಲಾರೆ. ಸೇಂಟ್ ಲೂಯಿಸ್ ನಗರವು ಪ್ರತಿ ತಂತಿಕಂಬಕ್ಕೆ ವರ್ಷಕ್ಕೆ 5 ಡಾಲರ್ ಕೇಳಿದಾಗ ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯು ಅದನ್ನು ಪ್ರಶ್ನಿಸಿತು. ಇದು ತೆರಿಗೆಯಲ್ಲ, ರಸ್ತೆಯ ಒಂದು ಭಾಗವನ್ನು ಕಾಯಂ ಆಗಿ ಆಕ್ರಮಿಸಿಕೊಂಡಿದ್ದಕ್ಕೆ ಕೇಳುವ ಬಾಡಿಗೆ ಎಂದು ಸುಪ್ರೀಂ ಕೋರ್ಟ್ 1893ರಲ್ಲಿ ಹೇಳಿತು. ಬಾಡಿಗೆಯೋ ವೆಚ್ಚ ವಸೂಲಿಯೋ ಎಂಬ ಇಂದಿನ ವಾದದ ಬೇರು ಅಷ್ಟು ಹಳೆಯದು.

ಉತ್ತರ – ರಸ್ತೆ ಕಾಮಗಾರಿ

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಶುಲ್ಕದ ಚರ್ಚೆಗೆ ಸಿಗುವಷ್ಟು ಮಹತ್ವ ಅದಕ್ಕೆ ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ನಗರದ ಗಟ್ಟಿಯಾದ ಅಧಿಕಾರವಿರುವುದು ಕೆಲಸದ ವಿಧಾನದಲ್ಲಿ: ಎಷ್ಟು ಆಳಕ್ಕೆ ಅಗೆಯಬೇಕು, ಗುಂಡಿಯನ್ನು ಯಾವ ಪದರದಲ್ಲಿ ಮುಚ್ಚಿ ಹೇಗೆ ದಮ್ಮಸು ಮಾಡಬೇಕು, ಡಾಂಬರನ್ನು ಗುಂಡಿಯ ಅಗಲಕ್ಕೆ ಮಾತ್ರ ಹಾಕಬೇಕೋ ಇಡೀ ಪಥಕ್ಕೋ, ಠೇವಣಿ ಎಷ್ಟು ವರ್ಷ ನಗರದ ಬಳಿ ಇರಬೇಕು ಎಂಬಲ್ಲಿ. ಅಗೆದ ಜಾಗ ಕುಸಿಯುವುದು ಮುಚ್ಚಿದ ದಿನವಲ್ಲ. ಹಳೆಯ ಡಾಂಬರಿಗೂ ಹೊಸ ತೇಪೆಗೂ ನಡುವಿನ ಗೆರೆಯಲ್ಲಿ ನೀರು ಇಳಿದು, ಕೆಳಗಿನ ಮಣ್ಣು ಸಡಿಲಗೊಂಡು, ಒಂದೆರಡು ಮಳೆಗಾಲ ಕಳೆದ ಮೇಲೆ ತಗ್ಗು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗುತ್ತಿಗೆದಾರ ಬಿಲ್ ಪಡೆದು ಹೋಗಿರುತ್ತಾನೆ.

ಲೂಯಿವಿಲ್ ನಗರದ ಉದಾಹರಣೆ ನೋಡಿ. ಅಲ್ಲಿ ಗೂಗಲ್ ಫೈಬರ್ ಕಂಪನಿಯು ಸುಮಾರು ಎರಡು ಇಂಚು ಮಾತ್ರ ಆಳದ ಸೀಳುಗಳಲ್ಲಿ ಕೇಬಲ್ ಹುದುಗಿಸಿ ಮೇಲೆ ಅಂಟು ತುಂಬುವ ಪ್ರಯೋಗ ಮಾಡಿತ್ತು. ಅಂಟು ಕಿತ್ತು ಬಂದು, ಕೇಬಲ್ ರಸ್ತೆಯ ಮೇಲೆಯೇ ಕಾಣತೊಡಗಿತು. ಕಂಪನಿಯು 2019ರಲ್ಲಿ ಆ ನಗರದಿಂದ ಸೇವೆಯನ್ನೇ ಹಿಂತೆಗೆದುಕೊಂಡಿತು ಮತ್ತು ರಸ್ತೆಗಳನ್ನು ಸರಿಪಡಿಸಲು ನಗರಕ್ಕೆ 38.4 ಲಕ್ಷ ಡಾಲರ್ ಕೊಡಲು ಒಪ್ಪಿತು. ವರ್ಷಕ್ಕೆ 270 ಡಾಲರ್‌ನ ಲೆಕ್ಕದಲ್ಲಿ ಈ ಮೊತ್ತ ಸೇರಲು ಎಷ್ಟು ಆಂಟೆನಾ ಬೇಕು ಎಂದು ನೀವೇ ಗುಣಿಸಿ ನೋಡಬಹುದು. ಅಗೆಯುವ ಮುನ್ನ, ನೆಲದಡಿ ಏನಿದೆ ಎಂದು ತೋರಿಸಲು ರಸ್ತೆಯ ಮೇಲೆ ಬಣ್ಣದ ಗುರುತು (ಸಂಪರ್ಕ ಕೇಬಲಿಗೆ ಕಿತ್ತಳೆ, ಅನಿಲ ಕೊಳವೆಗೆ ಹಳದಿ, ಕುಡಿಯುವ ನೀರಿಗೆ ನೀಲಿ) ಹಾಕಿಸುವುದೂ ಅಷ್ಟೇ ಮುಖ್ಯ. ಆ ಗುರುತು ತಪ್ಪಿದರೆ ಆಗುವ ಅನಾಹುತವನ್ನು ಯಾವ ಶುಲ್ಕವೂ ತುಂಬಿಕೊಡದು.

ಮರುಪ್ರಶ್ನೆ – ಆಡಳಿತಾಸಕ್ತ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಿವಾಸಿಗಳು ವಿಕಿರಣದ ಭಯದಿಂದ ಆಂಟೆನಾ ಬೇಡವೆಂದು ಮನವಿ ಕೊಟ್ಟರೆ, ಅದನ್ನು ಆಧರಿಸಿ ನಗರವು ಅರ್ಜಿಯನ್ನು ತಿರಸ್ಕರಿಸಬಹುದೇ?

ಉತ್ತರ – ಕಾನೂನು ಓದುಗ

ಇಲ್ಲ. ಉಪಕರಣವು ಎಫ್‌ಸಿಸಿಯ ವಿಕಿರಣ ಮಿತಿಯೊಳಗಿದ್ದರೆ, ಆ ಕಾರಣಕ್ಕೆ ನಿರಾಕರಿಸುವುದನ್ನು 1996ರ ಕಾಯ್ದೆಯೇ ತಡೆಯುತ್ತದೆ. ಸಭೆಯಲ್ಲಿ ಎರಡು ಗಂಟೆ ವಿಕಿರಣದ ಮಾತೇ ನಡೆದು, ಆಮೇಲೆ 'ಅಂದಗೆಡುತ್ತದೆ' ಎಂದು ಒಂದು ಸಾಲು ಬರೆದು ಅರ್ಜಿ ತಳ್ಳಿಹಾಕಿದರೆ, ಕಂಪನಿಯ ವಕೀಲರು ಆ ಸಭೆಯ ನಡಾವಳಿಯನ್ನೇ ನ್ಯಾಯಾಲಯದ ಮುಂದಿಡುತ್ತಾರೆ. ಪೆಟ್ಟಿಗೆಯ ಗಾತ್ರ, ಬಣ್ಣ, ಕಂಬಗಳ ನಡುವಿನ ಅಂತರ ಮುಂತಾದ ನಿಯಮಗಳನ್ನು ಅರ್ಜಿ ಬರುವ ಮೊದಲೇ ಪ್ರಕಟಿಸಿಟ್ಟ ನಗರದ ನಿಲುವು ಇದಕ್ಕಿಂತ ಎಷ್ಟೋ ಗಟ್ಟಿ.

ಮೀನಮೇಷ ಎಣಿಸಲು ಸಮಯವೂ ಇರುವುದಿಲ್ಲ. ಇರುವ ಕಂಬಕ್ಕೆ ಸಣ್ಣ ಆಂಟೆನಾ ಅಳವಡಿಸುವ ಅರ್ಜಿಯನ್ನು 60 ದಿನಗಳಲ್ಲಿ, ಹೊಸ ಕಂಬದ ಅರ್ಜಿಯನ್ನು 90 ದಿನಗಳಲ್ಲಿ ತೀರ್ಮಾನಿಸಬೇಕು. ಅರ್ಜಿ ಅಪೂರ್ಣವಾಗಿದ್ದರೆ ಮೊದಲ 10 ದಿನಗಳೊಳಗೆ ಲಿಖಿತವಾಗಿ ತಿಳಿಸಿದರೆ ಮಾತ್ರ, ಕೊರತೆ ತುಂಬಿದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಅರ್ಜಿ ಸ್ವೀಕರಿಸುವ ಗುಮಾಸ್ತರಿಗೆ ಪರಿಶೀಲನಾ ಪಟ್ಟಿ ಕೊಟ್ಟು ತರಬೇತಿ ನೀಡುವುದು ನಗರದ ವಕೀಲರ ಮೊದಲ ಕೆಲಸವಾಗಬೇಕು.